ಯಾವ ಟೆಸ್ಟ್ ಹಾಕಬೇಕು ಮೇಡಂ? ಪ್ರಾಕ್ಕಲ್ಪನಾ ಪರೀಕ್ಷೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪಿಯು ಮಕ್ಕಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುವವಳು. ನಮ್ಮ ಮಕ್ಕಳಿಗೆ ಲೆಕ್ಕ ಬರುವುದಿಲ್ಲ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಸೂತ್ರ ಕೊಟ್ಟರೆ ಎರಡು ನಿಮಿಷದಲ್ಲಿ ಉತ್ತರ ತೆಗೆಯುತ್ತಾರೆ. ಯಾವ ಸೂತ್ರ ಎಂದು ಹೇಳದೆ ಬಿಟ್ಟರೆ ಮಾತ್ರ ಇಡೀ ಕ್ಲಾಸು ಒಬ್ಬರ ಮುಖ ಒಬ್ಬರು ನೋಡುತ್ತಾ ಕೂರುತ್ತದೆ. ಮಕ್ಕಳು, ಹೊಸದಾಗಿ ಸೇರಿದ ಉಪನ್ಯಾಸಕರು, ಹೈಸ್ಕೂಲಿನಲ್ಲಿ ವಿಜ್ಞಾನದ ಪ್ರಾಜೆಕ್ಟ್ ಮಾಡಿಸುವ ಮೇಷ್ಟ್ರುಗಳು ಇಷ್ಟು ವರ್ಷ ತಿರುಗಿಸಿ ತಿರುಗಿಸಿ ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಲಿಗೆ

ಪ್ರಾಕ್ಕಲ್ಪನಾ ಪರೀಕ್ಷೆ ಅಂದ್ರೆ ಏನು ಅಂತ ಹತ್ತನೇ ಕ್ಲಾಸಿನ ಹುಡುಗನಿಗೂ ಅರ್ಥ ಆಗೋ ಹಾಗೆ ಹೇಳ್ತೀರಾ?

ಮಜ್ಜಿಗೆಯಿಂದ ಶುರು ಮಾಡಿ. "ಪ್ಯಾಕೆಟ್ ಮೊಸರಿನ ಮಜ್ಜಿಗೆ ಯಾವುದು, ಮನೆ ಮೊಸರಿನದು ಯಾವುದು ಅಂತ ಒಂದು ಗುಟುಕಿನಲ್ಲೇ ಹೇಳ್ತೀನಿ" ಎನ್ನುವ ಅಜ್ಜಿ ಎಲ್ಲರ ಮನೆಯಲ್ಲೂ ಒಬ್ಬರಿರುತ್ತಾರೆ. ಎಂಟು ಲೋಟ ತೆಗೆದುಕೊಂಡು ನಾಲ್ಕಕ್ಕೆ ಮನೆಯದು, ನಾಲ್ಕಕ್ಕೆ ಪ್ಯಾಕೆಟ್‌ದು ಹಾಕಿ. ಅಜ್ಜಿ ಆ ಕಡೆ ತಿರುಗಿರುವಾಗ ಚೀಟಿ ಎತ್ತಿ ಲೋಟಗಳ ಜಾಗ ಬದಲಿಸಿ. ಮನೆ ಮೊಸರಿನ ನಾಲ್ಕು ಲೋಟ ಯಾವುವು ಎಂದು ಅಜ್ಜಿ ಆರಿಸಬೇಕು.

ಎಂಟರಲ್ಲಿ ನಾಲ್ಕನ್ನು ಆರಿಸಲು 70 ದಾರಿಗಳಿವೆ, ಪೂರ್ತಿ ಸರಿ ಇರುವುದು ಒಂದೇ. ಸುಮ್ಮನೆ ಕೈಗೆ ಸಿಕ್ಕಿದ್ದನ್ನು ಎತ್ತಿದರೆ ನಾಲ್ಕೂ ಸರಿ ಬರುವ ಸಂಭವ 70ರಲ್ಲಿ 1, ಅಂದರೆ ಶೇಕಡ 1.4. ಅಜ್ಜಿ ನಾಲ್ಕನ್ನೂ ಸರಿಯಾಗಿ ಎತ್ತಿಕೊಟ್ಟರೆ "ಅದೃಷ್ಟ" ಎನ್ನಲು ನಾಲಿಗೆ ತಡವರಿಸುತ್ತದೆ. ಮೂರು ಸರಿ, ಒಂದು ತಪ್ಪು ಅಂದುಕೊಳ್ಳಿ. ಮೂರು ಅಥವಾ ಅದಕ್ಕಿಂತ ಹೆಚ್ಚು ಸರಿ ಬರುವ ದಾರಿಗಳು 17. ಅದು ಶೇಕಡ 24. ಕುರುಡಾಗಿ ಎತ್ತಿದರೂ ನಾಲ್ಕು ಸಲಕ್ಕೊಮ್ಮೆ ಅಷ್ಟು ಬಂದೇ ಬರುತ್ತದೆ, ಅಜ್ಜಿ ಎಷ್ಟೇ ಸಿಟ್ಟಾದರೂ.

ಇಡೀ ಅಧ್ಯಾಯ ಇಷ್ಟೇ: ಬರೀ ಅದೃಷ್ಟದಿಂದ ಇಷ್ಟು ಬರುವ ಸಂಭವ ಎಷ್ಟು ಎಂದು ಲೆಕ್ಕ ಹಾಕಿ, ಒಂದು ಮಾತನ್ನು ನಂಬಲು ಆಧಾರ ಇದೆಯೇ ಎಂದು ತೀರ್ಮಾನಿಸುವುದು. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ರೊನಾಲ್ಡ್ ಫಿಶರ್ ಇದೇ ಎಂಟು ಲೋಟದ ಲೆಕ್ಕವನ್ನು 1935ರ ತಮ್ಮ ಪುಸ್ತಕದಲ್ಲಿ ಕೊಟ್ಟರು. ಅಲ್ಲಿ ಇದ್ದದ್ದು ಚಹಾ. ಹಾಲು ಮೊದಲು ಹಾಕಿದ್ದೋ ಆಮೇಲೆ ಹಾಕಿದ್ದೋ ಎಂದು ಗುರುತಿಸುತ್ತೇನೆ ಎಂದವರು ಅವರ ಸಹೋದ್ಯೋಗಿ ಮ್ಯೂರಿಯಲ್ ಬ್ರಿಸ್ಟಲ್.

'ಶೂನ್ಯ ಪ್ರಾಕ್ಕಲ್ಪನೆ' ಅಂದ ತಕ್ಷಣ ಮಕ್ಕಳು ಸೊನ್ನೆ ಬರೀತಾರೆ. ಏನು ಮಾಡೋದು?

ಆ ಪದವನ್ನು ಒಂದು ವಾರ ಪಕ್ಕಕ್ಕಿಡಿ. ದಾರಿಯಲ್ಲಿ ಸಿಕ್ಕವರು "ಏನು ವಿಶೇಷ?" ಅನ್ನುತ್ತಾರೆ, ನಾವು "ವಿಶೇಷ ಏನಿಲ್ಲ" ಅನ್ನುತ್ತೇವೆ. ಶೂನ್ಯ ಪ್ರಾಕ್ಕಲ್ಪನೆ ಅಂದರೆ ಅದೇ "ವಿಶೇಷ ಏನಿಲ್ಲ". ಅಜ್ಜಿಯ ನಾಲಿಗೆಯಲ್ಲಿ ವಿಶೇಷ ಏನಿಲ್ಲ, ಎರಡು ಸೆಕ್ಷನ್‌ಗಳ ಸರಾಸರಿಯಲ್ಲಿ ವಿಶೇಷ ಏನಿಲ್ಲ, ಈ ಗೊಬ್ಬರದಲ್ಲಿ ವಿಶೇಷ ಏನಿಲ್ಲ. ಮಕ್ಕಳು ಮೊದಲು ಆ ವಾಕ್ಯವನ್ನು ಆಡುಮಾತಿನಲ್ಲಿ ಬರೆಯಲಿ, ಆಮೇಲೆ ಸಂಕೇತ. ಪರೀಕ್ಷೆಯಲ್ಲಿ "ವಿಶೇಷ ಏನಿಲ್ಲ" ಎಂದೇ ಬರೆದು ಬಂದ ಹುಡುಗನೂ ಒಬ್ಬನಿದ್ದ, ಆ ಪಾಪ ನನ್ನದು.

ಯಾವ ಟೆಸ್ಟ್ ಅಂತ ಕಂಡುಹಿಡಿಯೋಕೆ ಒಂದೇ ಒಂದು ಉಪಾಯ ಹೇಳಿ ಅಂದ್ರೆ ಏನು ಹೇಳ್ತೀರಿ?

"ನೋಟ್‌ಬುಕ್ಕಿನ ಒಂದು ಸಾಲಿನಲ್ಲಿ ಏನು ಬರೆದಿದ್ದೀಯ?" ಎಂದು ಕೇಳುತ್ತೇನೆ. ಮಾಹಿತಿ ಕಲೆಹಾಕುವಾಗ ಒಬ್ಬ ವಿದ್ಯಾರ್ಥಿಗೆ, ಒಂದು ಗಿಡಕ್ಕೆ, ಒಂದು ಪೊಟ್ಟಣಕ್ಕೆ ಒಂದೊಂದು ಸಾಲು. ಆ ಸಾಲಿನಲ್ಲಿ ಇರುವುದು ಮಾತೋ ಸಂಖ್ಯೆಯೋ ಎಂದು ನೋಡಿದರೆ ಮುಕ್ಕಾಲು ಕೆಲಸ ಮುಗಿಯಿತು.

ಸಾಲಿನಲ್ಲಿ ಒಂದೇ ಒಂದು ಸಂಖ್ಯೆ ಇದ್ದು, ಅದನ್ನು ಯಾರೋ ಹೇಳಿದ ಅಂಕಿಯ ಜೊತೆ ಹೋಲಿಸಬೇಕಿದ್ದರೆ (ಅರ್ಧ ಕೆಜಿ ಎಂದು ಬರೆದ ಸಕ್ಕರೆ ಪೊಟ್ಟಣದಲ್ಲಿ ನಿಜಕ್ಕೂ 500 ಗ್ರಾಂ ಇದೆಯೇ?) ಒಂದು ಸರಾಸರಿಯ ಪರೀಕ್ಷೆ. ಒಂದೇ ಒಂದು ಮಾತು ಇದ್ದರೆ, ಹೌದು ಅಥವಾ ಇಲ್ಲ ಎಂಬಂತೆ, ಅನುಪಾತದ ಪರೀಕ್ಷೆ. ಆ ಮಾತಿಗೆ ಎರಡಕ್ಕಿಂತ ಹೆಚ್ಚು ಆಯ್ಕೆ ಇದ್ದರೆ ಕೈ-ವರ್ಗ (chi-square) ಪರೀಕ್ಷೆ. ಒಂದು ಮಾತು, ಒಂದು ಸಂಖ್ಯೆ ಇದ್ದರೆ ("ಎ ಸೆಕ್ಷನ್, 63 ಅಂಕ") ಎರಡು ಗುಂಪುಗಳ ಸರಾಸರಿ. ಎರಡು ಮಾತುಗಳಿದ್ದರೆ ("ವಿಜ್ಞಾನ, ಟೀ") ಮತ್ತೆ ಕೈ-ವರ್ಗ.

ಎರಡು ಸಂಖ್ಯೆಗಳಿದ್ದಾಗ ಮಾತ್ರ ಇನ್ನೊಂದು ಪ್ರಶ್ನೆ ಬೇಕು: ಒಂದರಿಂದ ಇನ್ನೊಂದನ್ನು ಕಳೆದರೆ ಅರ್ಥ ಬರುತ್ತದೆಯೇ? ಜೂನ್ ತಿಂಗಳ ತೂಕದಿಂದ ಡಿಸೆಂಬರ್ ತೂಕ ಕಳೆದರೆ ಅರ್ಥವಿದೆ, ಅದು ಜೋಡಿ ಟಿ-ಪರೀಕ್ಷೆ. ಎತ್ತರದಿಂದ ತೂಕ ಕಳೆದರೆ ಅರ್ಥವಿಲ್ಲ, ಅಲ್ಲಿ ನೀವು ಹುಡುಕುತ್ತಿರುವುದು ವ್ಯತ್ಯಾಸವನ್ನಲ್ಲ, ಸಹಸಂಬಂಧವನ್ನು, ಅಂದರೆ ಒಂದು ಏರಿದಂತೆ ಇನ್ನೊಂದೂ ಏರುತ್ತದೆಯೋ ಇಳಿಯುತ್ತದೆಯೋ ಎಂಬುದನ್ನು. ಹತ್ತು ಜೋಡಿಗಳಿರುವಾಗ ಸಹಸಂಬಂಧ ಗುಣಾಂಕ 0.632 ದಾಟದಿದ್ದರೆ ಶೇಕಡ 5ರ ಮಟ್ಟದಲ್ಲಿ (ವಿಶೇಷ ಏನಿಲ್ಲದಿದ್ದಾಗ ನೂರಕ್ಕೆ ಐದು ಸಲ ಮಾತ್ರ ಮೋಸಹೋಗಲು ಒಪ್ಪಿಕೊಂಡರೆ) ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 0.5 ಬಂತೆಂದು ಕುಣಿಯುವ ಮಕ್ಕಳಿಗೆ ಇದನ್ನು ಮೊದಲೇ ಹೇಳಿಬಿಡಿ.

ಒಂದು ಫ್ಲೋಚಾರ್ಟ್ ಕೊಟ್ಟುಬಿಟ್ರೆ ಆಗಲ್ವಾ? ಗೋಡೆಗೆ ಅಂಟಿಸ್ತೀವಿ.

ಅಂಟಿಸಿ, ಆದರೆ ಕೊನೆಯಲ್ಲಿ. ಮೊದಲ ದಿನವೇ ಕೊಟ್ಟರೆ ಮಕ್ಕಳು ಬಾಣದ ಗುರುತುಗಳನ್ನು ಬಾಯಿಪಾಠ ಮಾಡುತ್ತಾರೆ, ಬಾಣ ಯಾಕೆ ಆ ಕಡೆ ತಿರುಗಿತು ಎಂದು ಕೇಳುವುದಿಲ್ಲ. ನಾನು ಈಗ ಚಾರ್ಟನ್ನು ಮಕ್ಕಳ ಕೈಯಲ್ಲೇ ಬರೆಸುತ್ತೇನೆ. ಪ್ರತಿ ವರ್ಷ ಬೇರೆ ಬೇರೆ ಆಕಾರದ್ದು ಬರುತ್ತದೆ, ಒಂದೆರಡು ತಪ್ಪೂ ಇರುತ್ತವೆ. ಆ ತಪ್ಪಿನ ಮೇಲೇ ಒಂದು ಪೀರಿಯಡ್ ಪಾಠ ನಡೆಯುತ್ತದೆ.

ಪ್ರಶ್ನೆಯಲ್ಲಿರೋ ಪದ ನೋಡಿ ಟೆಸ್ಟ್ ಹೇಳೋಕೆ ಕಲಿಸಬಹುದಾ? 'ಮೊದಲು–ನಂತರ' ಇದ್ರೆ ಪೇರ್ಡ್ (ಜೋಡಿ), ಹಾಗೆ?

ಬೋರ್ಡ್ ಪರೀಕ್ಷೆಗೆ ಒಂದು ಮಟ್ಟಿಗೆ ನಡೆಯುತ್ತದೆ, ಪ್ರಾಜೆಕ್ಟಿಗೆ ಕೈಕೊಡುತ್ತದೆ. "ತರಬೇತಿಗೆ ಮೊದಲು 20 ಮಕ್ಕಳನ್ನು ಪರೀಕ್ಷಿಸಲಾಯಿತು, ತರಬೇತಿಯ ನಂತರ ಬೇರೆ 20 ಮಕ್ಕಳನ್ನು ಪರೀಕ್ಷಿಸಲಾಯಿತು." ಮೊದಲು ಇದೆ, ನಂತರ ಇದೆ, ಜೋಡಿ ಮಾತ್ರ ಇಲ್ಲ. ಇನ್ನು ಅಕ್ಕ–ತಂಗಿಯರ ಎತ್ತರ ಹೋಲಿಸುವ ಪ್ರಶ್ನೆಯಲ್ಲಿ ಮೊದಲು–ನಂತರ ಎಂಬ ಮಾತೇ ಬರುವುದಿಲ್ಲ, ಆದರೂ ಒಂದೇ ಮನೆಯವರಾದ್ದರಿಂದ ಅದು ಜೋಡಿ. ಪದ ಹಿಡಿದು ಹೊರಟವರು ಎರಡು ಕಡೆಯೂ ಬೀಳುತ್ತಾರೆ.

ಕ್ಲಾಸಲ್ಲಿ ಇದನ್ನ ಅಭ್ಯಾಸ ಮಾಡಿಸೋದು ಹೇಗೆ? ಇರೋದೇ 45 ನಿಮಿಷ.

ಲೆಕ್ಕವೇ ಬೇಡ. ನಾನು ಇಪ್ಪತ್ತು ಚೀಟಿಗಳಲ್ಲಿ ಇಪ್ಪತ್ತು ಪ್ರಶ್ನೆಗಳನ್ನು ಬರೆದುಕೊಂಡು ಹೋಗುತ್ತೇನೆ, ಒಂದರಲ್ಲೂ ಅಂಕಿ ಇರುವುದಿಲ್ಲ. ಮೇಜಿನ ಮೇಲೆ ಐದು ಖಾಲಿ ಡಬ್ಬಿ ಇಟ್ಟು ಪ್ರತಿಯೊಂದಕ್ಕೂ ಒಂದು ಟೆಸ್ಟಿನ ಹೆಸರು ಅಂಟಿಸುತ್ತೇನೆ. ಒಬ್ಬೊಬ್ಬರಾಗಿ ಬಂದು ಚೀಟಿಯನ್ನು ಸರಿಯಾದ ಡಬ್ಬಿಗೆ ಹಾಕಬೇಕು, ಯಾಕೆ ಎಂದು ಒಂದು ವಾಕ್ಯದಲ್ಲಿ ಹೇಳಬೇಕು.

ಒಂದು ವರ್ಷ ಒಬ್ಬ ಹುಡುಗಿಗೆ ಬಂದ ಚೀಟಿ ಹೀಗಿತ್ತು: "ಬಸ್ಸಿನಲ್ಲಿ ಬರುವವರು, ಸೈಕಲ್ಲಿನಲ್ಲಿ ಬರುವವರು, ಇಬ್ಬರಲ್ಲಿ ಯಾರು ಹೆಚ್ಚು ತಡವಾಗಿ ಬರುತ್ತಾರೆ?" ಎರಡು ಸರಾಸರಿಗಳ ಡಬ್ಬಿಯ ತನಕ ಹೋದಳು, ಹಾಕಲಿಲ್ಲ. ಎರಡು ಅನುಪಾತಗಳ ಡಬ್ಬಿಯ ಹತ್ತಿರ ಬಂದಳು, ಅಲ್ಲೂ ಹಾಕಲಿಲ್ಲ. ಹಿಂದಿನ ಬೆಂಚಿನವರು ನಗಲು ಶುರು ಮಾಡಿದರು. ಚೀಟಿ ಕೈಯಲ್ಲೇ ಹಿಡಿದು, "ಮೇಡಂ, ಎಷ್ಟು ನಿಮಿಷ ತಡ ಅಂತ ಬರೆದುಕೊಂಡ್ರೆ ಆ ಡಬ್ಬಿ. ತಡ ಆಯ್ತೋ ಇಲ್ವೋ ಅಂತ ಬರೆದುಕೊಂಡ್ರೆ ಈ ಡಬ್ಬಿ. ನೀವು ಹೇಳೇ ಇಲ್ವಲ್ಲ?" ಎಂದಳು. ಚೀಟಿ ಬರೆದ ನನಗೂ ಅದು ಹೊಳೆದಿರಲಿಲ್ಲ. ಈಗ ಬೇಕಂತಲೇ ಅಂಥ ನಾಲ್ಕು ಚೀಟಿ ಸೇರಿಸುತ್ತೇನೆ.

## ಒಂದೊಂದೇ ಟೆಸ್ಟಿನ ಹತ್ತಿರ

ಅಳತೆಗಳು 30ಕ್ಕಿಂತ ಹೆಚ್ಚಿದ್ರೆ ಝಡ್ ಟೆಸ್ಟ್, ಕಡಿಮೆ ಇದ್ರೆ ಟಿ. 30ರಲ್ಲಿ ಅಂಥದ್ದೇನಿದೆ?

ಅಂಥದ್ದೇನಿಲ್ಲ. ಸರಾಸರಿಯನ್ನು ಪರೀಕ್ಷಿಸಲು ಝಡ್, ಟಿ ಎರಡೂ ದಾರಿಗಳೇ. ನಿಜವಾದ ಪ್ರಶ್ನೆ ಇಡೀ ಸಮಷ್ಟಿಯ (ಮಾದರಿ ತೆಗೆದ ಪೂರ್ತಿ ಗುಂಪಿನ) ಮಾನಕ ವಿಚಲನೆ, ಅಂದರೆ ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಂಕಿ, ನಿಮಗೆ ಗೊತ್ತೋ ಇಲ್ಲವೋ ಎಂಬುದು. ಗೊತ್ತಿಲ್ಲದಿದ್ದರೆ ಮಾದರಿಯಿಂದಲೇ ಅಂದಾಜು ಮಾಡಬೇಕು, ಮಾದರಿ ಚಿಕ್ಕದಾದಷ್ಟೂ ಆ ಅಂದಾಜು ಅಲುಗಾಡುತ್ತದೆ. ಆ ಅಲುಗಾಟಕ್ಕೆ ಕಟ್ಟುವ ದಂಡವೇ ಟಿ ಕೋಷ್ಟಕದ ದೊಡ್ಡ ಅಂಕಿಗಳು. 5 ಅಳತೆಗಳಿದ್ದರೆ ಗೆರೆ (ಇದನ್ನು ದಾಟಿದರೆ "ವಿಶೇಷ ಏನಿಲ್ಲ" ಎಂಬುದನ್ನು ಕೈಬಿಡುತ್ತೇವೆ) 2.776, 8 ಇದ್ದರೆ 2.365, 30 ಇದ್ದರೆ 2.045, ಝಡ್‌ಗೆ 1.96. ಮೂವತ್ತರ ಹತ್ತಿರ ಬರುವಷ್ಟರಲ್ಲಿ ದಂಡ ಕಡಿಮೆಯಾಗಿರುತ್ತದೆ, ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಇಷ್ಟು ಸಾಕು ಎಂದು ಅಲ್ಲೊಂದು ಗೆರೆ ಎಳೆದರು. ಪಠ್ಯದ ಗೆರೆಯನ್ನು ಪರೀಕ್ಷೆಗೆ ಪಾಲಿಸಿ. ಪ್ರಾಜೆಕ್ಟಿನಲ್ಲಿ ಸಂದೇಹ ಬಂದರೆ ಟಿ ಹಾಕಿ, ಮಾದರಿ ದೊಡ್ಡದಿದ್ದರೆ ಅದು ತಾನಾಗಿಯೇ ಝಡ್‌ನ ಹತ್ತಿರ ಬಂದಿರುತ್ತದೆ.

ಟಿ ಹುಟ್ಟಿದ್ದೇ ಚಿಕ್ಕ ಮಾದರಿಗಾಗಿ. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಗೊಸೆಟ್‌ಗೆ ಪರೀಕ್ಷಿಸಲು ಸಿಗುತ್ತಿದ್ದದ್ದು ಬೆರಳೆಣಿಕೆಯ ಮಾದರಿಗಳು. 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಅವರು ಈ ಲೆಕ್ಕವನ್ನು ಪ್ರಕಟಿಸಿದರು. ಸ್ವಂತ ಹೆಸರು ಹಾಕಲು ಕಂಪನಿ ಬಿಡುತ್ತಿರಲಿಲ್ಲ. 'ಸ್ಟೂಡೆಂಟ್ಸ್ ಟಿ' ಎಂದರೆ ವಿದ್ಯಾರ್ಥಿಗಳಿಗೆ ಸುಲಭವಾದ ಟಿ ಎಂದುಕೊಂಡವರಿಗೆ ಇಷ್ಟು ಸಾಕು.

ಪೇರ್ಡ್ ಹಾಕಿದ್ರೇನು, ಅನ್‌ಪೇರ್ಡ್ ಹಾಕಿದ್ರೇನು, ಸರಾಸರಿ ವ್ಯತ್ಯಾಸ ಎರಡರಲ್ಲೂ ಒಂದೇ ಅಲ್ವಾ?

ವ್ಯತ್ಯಾಸ ಒಂದೇ, ತೀರ್ಮಾನ ತದ್ವಿರುದ್ಧ ಆಗಬಹುದು. ಇದನ್ನು ಮಕ್ಕಳ ಕೈಯಲ್ಲೇ ಮಾಡಿಸಿ ತೋರಿಸಿ. ಬೇಕಾದದ್ದು ಒಂದು ಸ್ಕೇಲು.

ಒಬ್ಬರು ಸ್ಕೇಲನ್ನು ನೇತುಹಿಡಿದು ಹೇಳದೆ ಬಿಡಬೇಕು, ಇನ್ನೊಬ್ಬರು ಎರಡು ಬೆರಳಿನಲ್ಲಿ ಹಿಡಿಯಬೇಕು. ಎಷ್ಟು ಸೆಂಟಿಮೀಟರ್ ಜಾರಿದ ಮೇಲೆ ಸಿಕ್ಕಿತು ಎಂದು ಬರೆದುಕೊಳ್ಳಬೇಕು. ಬಲಗೈಯಲ್ಲೊಮ್ಮೆ, ಎಡಗೈಯಲ್ಲೊಮ್ಮೆ. (ಯಾವ ಕೈ ಮೊದಲು ಎಂದು ನಾಣ್ಯ ಚಿಮ್ಮಿ ನಿರ್ಧರಿಸಿ. ಇಲ್ಲದಿದ್ದರೆ ಎಲ್ಲರೂ ಬಲಗೈಯಲ್ಲಿ ಅಭ್ಯಾಸ ಮಾಡಿಕೊಂಡು ಎಡಗೈಗೆ ಬರುತ್ತಾರೆ.) ಎಂಟು ಮಕ್ಕಳ ಅಳತೆ ಹೀಗೆ ಬಂತು ಎಂದುಕೊಳ್ಳಿ:

ಬಲಗೈ: 15, 18, 14, 20, 17, 16, 19, 13
ಎಡಗೈ: 17, 19, 17, 21, 20, 17, 22, 15

ಸರಾಸರಿ 16.5 ಮತ್ತು 18.5, ವ್ಯತ್ಯಾಸ 2 ಸೆಂಟಿಮೀಟರ್. ಇವನ್ನು ಎರಡು ಬೇರೆ ಬೇರೆ ಗುಂಪು ಎಂದುಕೊಂಡು ಲೆಕ್ಕ ಹಾಕಿದರೆ ಟಿ ಬೆಲೆ 1.65. 14 ಸ್ವಾತಂತ್ರ್ಯ ಸಂಖ್ಯೆಗೆ (16 ಅಳತೆಗಳಲ್ಲಿ ಗುಂಪಿಗೊಂದರಂತೆ ಎರಡು ಕಳೆದದ್ದು) ಕೋಷ್ಟಕದ ಗೆರೆ 2.145, ಹಾಗಾಗಿ ವಿಶೇಷ ಏನಿಲ್ಲ. ಈಗ ಒಬ್ಬೊಬ್ಬರ ಎಡದಿಂದ ಬಲವನ್ನು ಕಳೆಯಿರಿ: 2, 1, 3, 1, 3, 1, 3, 2. ಸರಾಸರಿ ಅದೇ 2. ಆದರೆ ಈ ಎಂಟು ಸಂಖ್ಯೆಗಳು ಒಂದಕ್ಕೊಂದು ಅಂಟಿಕೊಂಡಂತಿವೆ, ಮಾನಕ ವಿಚಲನೆ 0.93 ಅಷ್ಟೇ. ಟಿ ಬೆಲೆ 6.11ಕ್ಕೆ ಹಾರುತ್ತದೆ, ಗೆರೆ 2.365.

ಏನಾಯಿತು? ಕೆಲವರು ಹುಟ್ಟಾ ಚುರುಕು, ಕೆಲವರು ನಿಧಾನ. 13ರಲ್ಲೇ ಹಿಡಿಯುವವನೂ 20ರ ತನಕ ಬಿಡುವವನೂ ಒಂದೇ ಗುಂಪಿನಲ್ಲಿದ್ದಾರೆ. ಬೇರೆ ಗುಂಪು ಎಂದುಕೊಂಡರೆ ಆ ಗದ್ದಲದಲ್ಲಿ 2 ಸೆಂಟಿಮೀಟರ್ ಮುಳುಗಿಹೋಗುತ್ತದೆ. ಕಳೆದಾಗ ಪ್ರತಿಯೊಬ್ಬನೂ ತನ್ನ ಜೊತೆ ತಾನೇ ಹೋಲಿಸಿಕೊಂಡ, ಗದ್ದಲ ಹೊರಗೆ ಹೋಯಿತು.

ಸೂತ್ರ ಬಾರದ ಹೈಸ್ಕೂಲ್ ಮಕ್ಕಳಿಗೂ ಇದರಲ್ಲಿ ದಾರಿ ಇದೆ. ಎಂಟು ವ್ಯತ್ಯಾಸಗಳೂ ಒಂದೇ ಕಡೆಗೆ ಬಿದ್ದಿವೆ. ಎರಡು ಕೈಗಳಲ್ಲಿ ವಿಶೇಷ ಏನಿಲ್ಲದಿದ್ದರೆ ಇದು ಎಂಟು ನಾಣ್ಯಗಳೂ ಒಂದೇ ಮುಖ ತೋರಿದ ಹಾಗೆ: 256ರಲ್ಲಿ 2, ಅಂದರೆ ಶೇಕಡ ಒಂದಕ್ಕಿಂತ ಕಡಿಮೆ. ಇದಕ್ಕೆ ಚಿಹ್ನೆ ಪರೀಕ್ಷೆ ಎಂದು ಹೆಸರು. ಕೂಡು–ಕಳೆ ಚಿಹ್ನೆ ಎಣಿಸಲು ಬಂದರೆ ಸಾಕು.

ಕೈ-ವರ್ಗ ಪರೀಕ್ಷೆ ಯಾವಾಗ ಬರುತ್ತೆ? ಮೂರ್ನಾಲ್ಕು ಕಡೆ ಅದೇ ಹೆಸರು ಕೇಳಿ ಗೊಂದಲ.

ಮೊದಲು ಹೆಸರು. ಅದು ಗ್ರೀಕ್ ಅಕ್ಷರ, 'ಚಿ' ಅಲ್ಲ, 'ಕೈ'. ಕನ್ನಡದಲ್ಲಿ ಬರೆದ ಕೂಡಲೇ ಮಕ್ಕಳು ಅಂಗೈ ತೋರಿಸುತ್ತಾರೆ, ನಗಲಿ ಬಿಡಿ. 1900ರಲ್ಲಿ ಕಾರ್ಲ್ ಪಿಯರ್ಸನ್ ಕೊಟ್ಟದ್ದು ಇದು.

ತಲೆ ಎಣಿಸಿದ ಲೆಕ್ಕವಿದ್ದರೆ ಕೈ-ವರ್ಗ ಎಂದು ಶುರು ಮಾಡಿ. ದಾಳವನ್ನು 60 ಸಲ ಎಸೆದಾಗ ಒಂದರಿಂದ ಆರರವರೆಗೆ 6, 8, 9, 11, 10, 16 ಸಲ ಬಂತು ಎನ್ನಿ. ಆರು ಜಾಸ್ತಿ ಬಿತ್ತು, ದಾಳದಲ್ಲಿ ಮೋಸವಿದೆ ಎಂದು ಸೋತವನು ಜಗಳಕ್ಕೆ ನಿಲ್ಲುತ್ತಾನೆ. ಪ್ರತಿಯೊಂದೂ 10 ಬರಬೇಕಿತ್ತು, ವ್ಯತ್ಯಾಸಗಳ ವರ್ಗಗಳ ಮೊತ್ತ 58, ಹತ್ತರಿಂದ ಭಾಗಿಸಿದರೆ 5.8. ಗೆರೆ 11.07. ಜಗಳಕ್ಕೆ ಆಧಾರ ಸಾಲದು.

ಎರಡನೆಯ ಬಗೆ, ಎರಡು ಗುಣಗಳ ನಡುವಿನ ನಂಟು. ವಿಜ್ಞಾನದ 50 ಮಕ್ಕಳಲ್ಲಿ 30 ಜನ ಟೀ, 20 ಜನ ಕಾಫಿ. ವಾಣಿಜ್ಯದ 50ರಲ್ಲಿ 18 ಟೀ, 32 ಕಾಫಿ. ನಂಟಿಲ್ಲದಿದ್ದರೆ ಎರಡು ಕಡೆಯೂ 24 ಟೀ, 26 ಕಾಫಿ ಇರಬೇಕಿತ್ತು. ಲೆಕ್ಕ ಹಾಕಿದರೆ 5.77, ಗೆರೆ 3.84. ಇಲ್ಲಿ ನಂಟು ಕಾಣುತ್ತಿದೆ. ಮೂರನೆಯದೊಂದು ಇದೆ, ವಿಚಲನೆಯನ್ನು ಪರೀಕ್ಷಿಸುವುದು. ಅದು ತಲೆ ಎಣಿಕೆಯದ್ದಲ್ಲ, ಕೋಷ್ಟಕ ಮಾತ್ರ ಒಂದೇ. ಗೊಂದಲ ಹುಟ್ಟುವುದು ಅಲ್ಲೇ, ಅದನ್ನು ಕೊನೆಗೆ ಪ್ರತ್ಯೇಕವಾಗಿ ಹೇಳಿಕೊಡಿ.

ಶೇಕಡಾವಾರು ಹಾಕಿ ಕೈ-ವರ್ಗ ಮಾಡಬಹುದಾ? ನೋಡೋಕೆ ನೀಟಾಗಿರುತ್ತೆ.

ಖಂಡಿತ ಕೂಡದು. ಒಂದು ಗುಂಪಿನ 10 ಜನರಲ್ಲಿ 6, ಇನ್ನೊಂದರ 10ರಲ್ಲಿ 4 ಜನ ಹೌದು ಎಂದರು. ತಲೆಗಳನ್ನು ಹಾಕಿದರೆ ಉತ್ತರ 0.8. ಅದನ್ನೇ 60 ಮತ್ತು 40 ಎಂದು ಶೇಕಡಾದಲ್ಲಿ ಹಾಕಿದರೆ 8. ಇಪ್ಪತ್ತು ಜನರನ್ನು ಮಾತಾಡಿಸಿ ಇನ್ನೂರು ಜನರನ್ನು ಮಾತಾಡಿಸಿದ ಹಾಗೆ ಕಾಗದದ ಮೇಲೆ ತೋರಿಸಿದಂತಾಯಿತು. ನಾನು ನೋಡಿದ ಪ್ರಾಜೆಕ್ಟ್ ವರದಿಗಳಲ್ಲಿ ಇದರಷ್ಟು ಮತ್ತೆ ಮತ್ತೆ ಬರುವ ತಪ್ಪು ಇನ್ನೊಂದಿಲ್ಲ.

ಒಂದು ಖಾನೆಯಲ್ಲಿ 5ಕ್ಕಿಂತ ಕಡಿಮೆ ಬಂದ್ರೆ?

ನೋಡಬೇಕಾದದ್ದು ನೀವು ಎಣಿಸಿದ ಸಂಖ್ಯೆಯನ್ನಲ್ಲ, ನಿರೀಕ್ಷಿತ ಸಂಖ್ಯೆಯನ್ನು (ವಿಶೇಷ ಏನಿಲ್ಲದಿದ್ದರೆ ಬರಬೇಕಿದ್ದದ್ದು). ಅದು 5ಕ್ಕಿಂತ ಕಡಿಮೆಯಾದರೆ ಪಕ್ಕದ ಖಾನೆಯ ಜೊತೆ ಅರ್ಥವಾಗುವ ಹಾಗೆ ಸೇರಿಸಿ. ಎರಡೆರಡು ಖಾನೆಗಳ ಪಟ್ಟಿಯಲ್ಲಿ ಸೇರಿಸಲು ಜಾಗವಿಲ್ಲದಿದ್ದರೆ ಮೇಲೆ ಹೇಳಿದ ಮಜ್ಜಿಗೆಯ ಲೆಕ್ಕಕ್ಕೆ ಹೋಗಿ. ಫಿಶರ್‌ನ ನಿಖರ ಪರೀಕ್ಷೆ ಅಂದರೆ ಅದೇ.

## ಉತ್ತರ ಬಂದ ಮೇಲೆ

ಪಿ ಬೆಲೆ 0.049 ಬಂದ್ರೆ ಪಾಸ್, 0.051 ಬಂದ್ರೆ ಫೇಲ್. ಇದು ಅನ್ಯಾಯ ಅಲ್ವಾ?

ಅನ್ಯಾಯವೇ. ಪಿ ಬೆಲೆ ಅಂದರೆ ವಿಶೇಷ ಏನಿಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವ್ಯತ್ಯಾಸ ಬರುವ ಸಂಭವ, ಅದು 0.05ಕ್ಕಿಂತ ಕಡಿಮೆಯಾದರೆ ಗೆರೆ ದಾಟಿತು ಎನ್ನುತ್ತೇವೆ. ಚೌಕಾಬಾರದ ಒಂದು ಕವಡೆಯನ್ನು 100 ಸಲ ಹಾಕಿ ನೋಡಿ. ಅಂಗಾತ, ಬೋರಲು ಎರಡೂ ಸಮಸಮ ಬೀಳುತ್ತದೆಯೇ ಎಂಬುದು ಪ್ರಶ್ನೆ. 60 ಸಲ ಅಂಗಾತ ಬಿತ್ತು ಎನ್ನಿ. ಅನುಪಾತದ ಝಡ್ ಹಾಕಿದರೆ ಸರಿಯಾಗಿ 2, ಪಿ ಬೆಲೆ 0.046, ಗೆರೆ ದಾಟಿತು. ಅದೇ 60ಕ್ಕೆ ದ್ವಿಪದ ವಿತರಣೆಯಿಂದ ನಿಖರವಾಗಿ ಲೆಕ್ಕ ಹಾಕಿದರೆ ಪಿ ಬೆಲೆ 0.057, ಗೆರೆ ದಾಟಲಿಲ್ಲ. ಕವಡೆ ಅದೇ, ಎಸೆದ ಕೈ ಅದೇ. 0.05 ಎಂಬುದು ಜನ ಕೂತು ಒಪ್ಪಿಕೊಂಡ ಗೆರೆ, ಪ್ರಕೃತಿ ಎಳೆದದ್ದಲ್ಲ. ಗೆರೆಯ ಹತ್ತಿರ ಬಂದಾಗ ಪಿ ಬೆಲೆಯನ್ನು ಹಾಗೇ ಬರೆದು, ಇನ್ನೂ 200 ಸಲ ಕವಡೆ ಹಾಕುವ ಹೊಸ ಪ್ರಯೋಗ ಮಾಡಿ ಎಂದು ಹೇಳುತ್ತೇನೆ. ಗೆರೆ ದಾಟುವ ತನಕ ಹಾಕುತ್ತಾ ಹೋಗಿ, ದಾಟಿದ ಕೂಡಲೇ ನಿಲ್ಲಿಸುವುದು ಬೇರೆ ಮಾತು. ಅದು ಆಟ ಗೆಲ್ಲುವ ತನಕ ಏಳುವುದಿಲ್ಲ ಎನ್ನುವವನ ಚಾಳಿ.

ಹಾಗೇ ಇನ್ನೊಂದು. 0.046 ಅಂದರೆ "ಕವಡೆ ಸರಿಯಾಗಿರುವ ಸಂಭವ ಶೇಕಡ 4.6" ಎಂದಲ್ಲ. ಕವಡೆ ಸರಿಯಾಗಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವಾಲುವ ಸಂಭವ ಅದು. ಮೇಷ್ಟ್ರುಗಳೂ ಇಲ್ಲಿ ಎಡವುತ್ತಾರೆ. ಅಮೆರಿಕದ ಸಂಖ್ಯಾಶಾಸ್ತ್ರ ಸಂಘವೇ 2016ರಲ್ಲಿ ಈ ಬಗ್ಗೆ ಹೇಳಿಕೆ ಹೊರಡಿಸಬೇಕಾಯಿತು ಎಂದರೆ ಮಕ್ಕಳನ್ನು ಬೈದು ಪ್ರಯೋಜನವಿಲ್ಲ.

ಗೆರೆ ದಾಟದಿದ್ರೆ 'ಶೂನ್ಯ ಪ್ರಾಕ್ಕಲ್ಪನೆ ನಿಜ' ಅಂತ ಬರೀಬಹುದಾ?

ಕ್ರಿಕೆಟ್ ನೋಡುವ ಮಕ್ಕಳಿಗೆ ಇದು ಒಂದೇ ಮಾತಿನಲ್ಲಿ ತಿಳಿಯುತ್ತದೆ: ಅಂಪೈರ್ಸ್ ಕಾಲ್. ಎಲ್‌ಬಿಡಬ್ಲ್ಯು ಅಪೀಲಿಗೆ ಅಂಪೈರ್ ನಾಟೌಟ್ ಕೊಟ್ಟಿದ್ದಾರೆ, ರಿವ್ಯೂನಲ್ಲಿ ಚೆಂಡು ಸ್ಟಂಪಿನ ಅಂಚನ್ನು ಸವರಿದೆ. ನಾಟೌಟ್ ಹಾಗೇ ಉಳಿಯುತ್ತದೆ. ಚೆಂಡು ತಪ್ಪಿಹೋಗುತ್ತಿತ್ತು ಎಂದು ಸಾಬೀತಾಯಿತೇ? ಇಲ್ಲ. ತೀರ್ಪು ಬದಲಿಸಲು ಆಧಾರ ಸಾಲಲಿಲ್ಲ, ಅಷ್ಟೇ. "ತಿರಸ್ಕರಿಸಲು ಸಾಕಷ್ಟು ಆಧಾರವಿಲ್ಲ" ಎಂದು ಬರೆಸಿ. ಕೀ ಉತ್ತರದಲ್ಲಿ "ಅಂಗೀಕರಿಸಲಾಗಿದೆ" ಎಂದಿದ್ದರೆ ಪರೀಕ್ಷೆಯಲ್ಲಿ ಅದನ್ನು ಬರೆಯಲಿ, ಅಂಕ ಕಳೆದುಕೊಳ್ಳುವುದು ಬೇಡ.

'ಸಿಗ್ನಿಫಿಕೆಂಟ್' ಅನ್ನೋದಕ್ಕೆ ಕನ್ನಡದಲ್ಲಿ 'ಮಹತ್ವದ' ಅಂತ ಹೇಳಬಹುದಾ?

ನಾನು ಹೇಳುವುದಿಲ್ಲ. ತಲಾ 10,000 ಮಕ್ಕಳ ಎರಡು ಗುಂಪುಗಳ ಸರಾಸರಿಯಲ್ಲಿ ಅರ್ಧ ಅಂಕದ ವ್ಯತ್ಯಾಸ ಇದೆ, ಮಾನಕ ವಿಚಲನೆ 15 ಎನ್ನಿ. ಝಡ್ 2.36 ಬರುತ್ತದೆ, ಗೆರೆ ದಾಟುತ್ತದೆ. ಅರ್ಧ ಅಂಕಕ್ಕೆ ಏನು ಮಹತ್ವ? "ಆಕಸ್ಮಿಕವೆಂದು ತಳ್ಳಿಹಾಕಲಾಗದ ವ್ಯತ್ಯಾಸ" ಎನ್ನುತ್ತೇನೆ. ಉದ್ದವಾಯಿತು, ಆದರೆ ತಪ್ಪು ದಾರಿಗೆ ಎಳೆಯುವುದಿಲ್ಲ.

ಒಂದು ಬಾಲವೋ ಎರಡು ಬಾಲವೋ, ಹೇಗೆ ಆರಿಸೋದು?

ಮಾಹಿತಿ ನೋಡುವ ಮೊದಲು ಆರಿಸುವುದು. ವ್ಯತ್ಯಾಸವನ್ನು ಒಂದೇ ದಿಕ್ಕಿನಲ್ಲಿ ಹುಡುಕಿದರೆ ಒಂದು ಬಾಲ, ಹೆಚ್ಚೋ ಕಡಿಮೆಯೋ ಎಂದು ಎರಡೂ ದಿಕ್ಕಿನಲ್ಲಿ ಹುಡುಕಿದರೆ ಎರಡು ಬಾಲ. ಝಡ್ 1.8 ಬಂತು ಎಂದುಕೊಳ್ಳಿ. ಎರಡು ಬಾಲದ ಗೆರೆ 1.96, ದಾಟಲಿಲ್ಲ. ಒಂದು ಬಾಲದ ಗೆರೆ 1.645, ದಾಟಿತು. ಈಗ ಬಾಲ ಬದಲಿಸುವ ಆಸೆ ಹುಟ್ಟುತ್ತದೆ. ಪ್ರಶ್ನೆ ಒಂದೇ ದಿಕ್ಕಿನದಾಗಿದ್ದರೆ, ಪೊಟ್ಟಣದಲ್ಲಿ ತೂಕ ಕಡಿಮೆ ಇದೆಯೇ ಎಂಬಂತೆ, ಒಂದು ಬಾಲ. ಉಳಿದಂತೆ ಎರಡು.

## ಪ್ರಾಜೆಕ್ಟ್ ಮಾಡುವವರಿಗೆ

ಮೂರು ಗೊಬ್ಬರ ಹೋಲಿಸ್ಬೇಕು. ಎರಡೆರಡಾಗಿ ಮೂರು ಸಲ ಟಿ ಹಾಕಿದ್ರೆ ಸಾಕಲ್ವಾ?

ಪ್ರತಿ ಸಲ ಶೇಕಡ 5ರಷ್ಟು ತಪ್ಪುವ ಅವಕಾಶ ಕೊಡುತ್ತಿದ್ದೀರಿ. ಮೂರು ಸಲ ಸೇರಿ ಎಲ್ಲೋ ಒಂದು ಕಡೆ ಸುಳ್ಳು ವ್ಯತ್ಯಾಸ ಕಾಣುವ ಸಂಭವ ಶೇಕಡ 12ರಿಂದ 14ರ ತನಕ ಏರುತ್ತದೆ. ಮೂರನ್ನೂ ಒಟ್ಟಿಗೆ ನೋಡುವುದಕ್ಕೆ ಅನೋವಾ ಇದೆ. ರೊಥಾಮ್‌ಸ್ಟೆಡ್‌ನ ಹೊಲಗಳ ಗೊಬ್ಬರದ ಲೆಕ್ಕ ನೋಡುತ್ತಲೇ ಫಿಶರ್ ಅದನ್ನು ಬೆಳೆಸಿದರು. ಪಿಯು ಮಟ್ಟದಲ್ಲಿ ಅದರ ಸೂತ್ರ ಬೇಕಿಲ್ಲ. ಎರಡೇ ಗೊಬ್ಬರ ಹೋಲಿಸಿ, ಗಿಡಗಳನ್ನು ಹೆಚ್ಚಿಸಿ ಎನ್ನುವುದು ನನ್ನ ಸಲಹೆ.

ಇಪ್ಪತ್ತು ಪ್ರಶ್ನೆಗಳ ಸಮೀಕ್ಷೆ ಮಾಡಿ ಇಪ್ಪತ್ತಕ್ಕೂ ಕೈ-ವರ್ಗ ಹಾಕುವವರಿಗೂ ಇದೇ ಉತ್ತರ. ಎಲ್ಲೂ ಏನೂ ಇಲ್ಲದಿದ್ದರೂ ಒಂದಾದರೂ ಗೆರೆ ದಾಟುವ ಸಂಭವ, ಪ್ರಶ್ನೆಗಳು ಒಂದಕ್ಕೊಂದು ಸಂಬಂಧವಿಲ್ಲದವಾದರೆ, ಶೇಕಡ 64. ಒಂದು ಪ್ರಶ್ನೆಯನ್ನು ಮೊದಲೇ ಆರಿಸಿಕೊಳ್ಳಿ, ಇಲ್ಲವೇ 0.05ನ್ನು 20ರಿಂದ ಭಾಗಿಸಿ 0.0025ರ ಗೆರೆ ಇಟ್ಟುಕೊಳ್ಳಿ.

ಪಾಕೆಟ್ ಮನಿ ಬಗ್ಗೆ ಮಾಹಿತಿ ತೆಗೆದ್ವಿ. ಒಬ್ಬನಿಗೆ 3000 ರೂಪಾಯಿ! ಅವನನ್ನ ತೆಗೆದುಹಾಕ್ಲಾ?

ತೆಗೆಯಬೇಡಿ, ಅವನೂ ನಿಮ್ಮ ಕ್ಲಾಸಿನವನೇ. ಒಂದು ಗುಂಪು 100, 120, 150, 150, 200. ಇನ್ನೊಂದು 80, 100, 100, 120, 3000. ಸರಾಸರಿ 144 ಮತ್ತು 680. ಮಧ್ಯಾಂಕ 150 ಮತ್ತು 100, ಉಲ್ಟಾ! ಇಂಥ ಕಡೆ ರೂಪಾಯಿಯನ್ನು ಬಿಟ್ಟು ಸ್ಥಾನ ಹಿಡಿಯಿರಿ. ಹತ್ತೂ ಜನರನ್ನು ಸಾಲಾಗಿ ನಿಲ್ಲಿಸಿ ಒಂದರಿಂದ ಹತ್ತರವರೆಗೆ ಸ್ಥಾನ ಕೊಟ್ಟರೆ 3000ದವನು ಬರೀ ಹತ್ತನೆಯವನು. ಈ ಸ್ಥಾನಗಳ ಮೊತ್ತ ನೋಡುವ ಪರೀಕ್ಷೆಯನ್ನು 1945ರಲ್ಲಿ ಕೊಟ್ಟವರು ಫ್ರಾಂಕ್ ವಿಲ್ಕಾಕ್ಸನ್, ವೃತ್ತಿಯಲ್ಲಿ ರಸಾಯನಶಾಸ್ತ್ರಜ್ಞ. ಪಠ್ಯದಲ್ಲಿಲ್ಲದಿದ್ದರೂ ಟಿಗಿಂತ ಬೇಗ ಅರ್ಥವಾಗುತ್ತದೆ.

ಮೊಳಕೆ ಪ್ರಯೋಗದಲ್ಲಿ 100 ಕಾಳು ಇಟ್ಟಿದ್ವಿ. ಆದ್ರೂ 'ಮಾದರಿ ಸಾಲದು' ಅಂದ್ರು. ಯಾಕೆ?

ನನಗೇ ಆದ ಅನುಭವ. ನಾನೇ ಮಾರ್ಗದರ್ಶನ ಮಾಡಿದ ಪ್ರಾಜೆಕ್ಟು. ಎರಡು ತಟ್ಟೆ, ತಲಾ 50 ಹೆಸರುಕಾಳು, ಒಂದಕ್ಕೆ ಬರೀ ನೀರು, ಒಂದಕ್ಕೆ ಉಪ್ಪು ನೀರು. ಬರೀ ನೀರಿನಲ್ಲಿ 44 ಮೊಳೆತವು, ಉಪ್ಪು ನೀರಿನಲ್ಲಿ 31. ಕೈ-ವರ್ಗ 9.01. ಮಕ್ಕಳು ಬಣ್ಣದ ಚಾರ್ಟಿನಲ್ಲಿ ಆ 9.01ಕ್ಕೆ ಚೌಕಟ್ಟು ಹಾಕಿದ್ದರು. ನೋಡಲು ಬಂದ ತೀರ್ಪುಗಾರರು ಲೆಕ್ಕ ನೋಡಲೇ ಇಲ್ಲ. "ತಟ್ಟೆಗಳನ್ನ ಎಲ್ಲಿಟ್ಟಿದ್ರಿ?" ಎಂದರು. ಬರೀ ನೀರಿನದು ಅಡುಗೆಮನೆಯ ಒಲೆಯ ಹತ್ತಿರದ ಕಟ್ಟೆಯ ಮೇಲೆ, ಉಪ್ಪಿನದು ಕಿಟಕಿಯ ಬಳಿ, ಡಿಸೆಂಬರಿನ ಚಳಿಗಾಳಿಗೆ. ಉಪ್ಪು ತಡೆಯಿತೋ ಚಳಿ ತಡೆಯಿತೋ? ನಾನೂ ಮಕ್ಕಳೂ ಬಾಯಿ ಮುಚ್ಚಿಕೊಂಡು ನಿಂತೆವು.

ಒಂದು ತಟ್ಟೆಯ 50 ಕಾಳುಗಳಿಗೂ ಒಂದೇ ಜಾಗ, ಒಂದೇ ಗಾಳಿ, ಒಂದೇ ಕೈ ಸುರಿದ ನೀರು. ಅವು 50 ಸಾಲುಗಳಲ್ಲ, ಒಂದು ಸಾಲು. ನಮ್ಮಲ್ಲಿದ್ದದ್ದು 100ರ ಮಾದರಿಯಲ್ಲ, ಎರಡರದ್ದು. ಮುಂದಿನ ವರ್ಷ ಹತ್ತು ಸಣ್ಣ ಬಟ್ಟಲು ತೆಗೆದುಕೊಂಡೆವು, ಪ್ರತಿಯೊಂದರಲ್ಲೂ ಹತ್ತು ಕಾಳು. ಯಾವ ಐದಕ್ಕೆ ಉಪ್ಪು, ಯಾವುದು ಎಲ್ಲಿ ಕೂರಬೇಕು ಎಂಬುದಕ್ಕೆ ಚೀಟಿ ಎತ್ತಿದೆವು. ಒಂದು ಬಟ್ಟಲಿಗೆ ಒಂದು ಸಂಖ್ಯೆ, ಒಟ್ಟು ಹತ್ತು ಸಾಲು, ಎರಡು ಗುಂಪಿನ ಟಿ. ಆಗ ಕೈ-ವರ್ಗ ಹೋಗಿ ಟಿ ಬಂದದ್ದು ಯಾಕೆ ಎಂದು ಮಕ್ಕಳೇ ವಿವರಿಸಿದರು.

ಟಿ ಬಾರದವರು ಹತ್ತು ಸಂಖ್ಯೆಗಳನ್ನು ಹತ್ತು ಚೀಟಿಯಲ್ಲಿ ಬರೆದು, ಕಲಸಿ, ಐದೈದಾಗಿ ಹಂಚಿ ಸರಾಸರಿಯ ವ್ಯತ್ಯಾಸ ನೋಡಲಿ. ಹಂಚುವ ದಾರಿಗಳು ಒಟ್ಟು 252. ನೂರು ಸಲ ಕಲಸಿ, ನಿಜವಾದ ವ್ಯತ್ಯಾಸದಷ್ಟು ಅಥವಾ ಅದಕ್ಕಿಂತ ಹೆಚ್ಚು ಎಷ್ಟು ಸಲ ಬಂತು ಎಂದು ಎಣಿಸಿದರೆ ಪಿ ಬೆಲೆಯ ಅಂದಾಜು ಕೈಯಲ್ಲೇ ಸಿಗುತ್ತದೆ.

ಎಕ್ಸೆಲ್‌ನಲ್ಲಿ ಹಾಕಿದ್ರೆ ಅದೇ ಉತ್ತರ ಕೊಡುತ್ತಲ್ಲ, ಇಷ್ಟೆಲ್ಲ ಯಾಕೆ?

ಹಾಕಿ ನೋಡಿ. ಟಿ-ಟೆಸ್ಟ್ ಫಂಕ್ಷನ್ನು ಎರಡು ಸಾಲು ಅಂಕಿಗಳನ್ನು ತೆಗೆದುಕೊಂಡು ಸುಮ್ಮನಿರುವುದಿಲ್ಲ, ಇನ್ನೆರಡು ಸಂಖ್ಯೆ ಕೇಳುತ್ತದೆ. ಬಾಲ ಒಂದೋ ಎರಡೋ? ಬಗೆ 1, 2, ಅಥವಾ 3? ಅದರಲ್ಲಿ 1 ಅಂದರೆ ಜೋಡಿ, 2 ಅಂದರೆ ವಿಚಲನೆ ಸಮಾನವಿರುವ ಬೇರೆ ಗುಂಪುಗಳು, 3 ಅಂದರೆ ಸಮಾನವಿಲ್ಲದವು. ಸ್ಕೇಲಿನ ಆ ಎಂಟು ಮಕ್ಕಳ ಅಂಕಿಗೆ ಒಮ್ಮೆ 1 ಕೊಡಿ, ಒಮ್ಮೆ 2 ಕೊಡಿ. ಎರಡೂ ಸಲ ಎಕ್ಸೆಲ್ ಅಷ್ಟೇ ಧೈರ್ಯವಾಗಿ ಉತ್ತರ ಕೊಡುತ್ತದೆ.

ಇದರಲ್ಲೆಲ್ಲ ನಮ್ಮ ಕಡೆಯವರು ಯಾರೂ ಇಲ್ವಾ ಮೇಡಂ?

ಇದ್ದಾರೆ. ಸಿ. ಆರ್. ರಾವ್ ಹುಟ್ಟಿದ್ದು ಹೂವಿನ ಹಡಗಲಿಯಲ್ಲಿ, 1920ರ ಸೆಪ್ಟೆಂಬರ್ 10ರಂದು. 1948ರಲ್ಲಿ ಅವರು ಕೊಟ್ಟ ಸ್ಕೋರ್ ಪರೀಕ್ಷೆ ಇವತ್ತಿಗೂ ಪ್ರಾಕ್ಕಲ್ಪನಾ ಪರೀಕ್ಷೆಯ ಮೂರು ಮುಖ್ಯ ದಾರಿಗಳಲ್ಲಿ ಒಂದು. ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಾಲನೋಬಿಸ್ 1931ರಲ್ಲಿ ಕೋಲ್ಕತ್ತದಲ್ಲಿ ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ರಾವ್ ದಶಕಗಳ ಕಾಲ ದುಡಿದರು. ಅದೇ ಸಂಸ್ಥೆಯ ಕೇಂದ್ರ ಬೆಂಗಳೂರಿನ ಮೈಸೂರು ರಸ್ತೆಯಲ್ಲಿದೆ. ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ರಾವ್ ಅವರಿಗೆ ಬಂದದ್ದು 2023ರಲ್ಲಿ, 102ನೆಯ ವಯಸ್ಸಿನಲ್ಲಿ, ತೀರಿಕೊಂಡದ್ದೂ ಅದೇ ವರ್ಷ.

ಮಾಹಿತಿ ಎಲ್ಲ ತೆಗೆದಾಗಿದೆ, ನಾಳೆ ಪ್ರದರ್ಶನ. ಈಗ ಯಾವ ಟೆಸ್ಟ್ ಹಾಕ್ಲಿ?

ರಾತ್ರಿ ಒಂಬತ್ತರ ಮೇಲೆ ಬರುವ ಫೋನು ಇದು. ನೋಟ್‌ಬುಕ್ ತೆಗೆದು ಒಂದು ಸಾಲು ಓದು ಎನ್ನುತ್ತೇನೆ. ಹೋದ ಸಲ ಓದಿದವನ ಸಾಲಿನಲ್ಲಿ "ಎಡಗೈ: 18.5" ಎಂದು ಸರಾಸರಿ ಮಾತ್ರ ಇತ್ತು. ಒಬ್ಬೊಬ್ಬರ ಅಳತೆ ಎಲ್ಲಪ್ಪಾ ಎಂದೆ. "ಅದನ್ನ ರಫ್ ಶೀಟಲ್ಲಿ ಬರೆದಿದ್ದೆ ಮೇಡಂ, ನೀಟಾಗಿ ಬರೆದಾದ್ಮೇಲೆ ಬಿಸಾಕಿದೆ" ಎಂದ. ಬೆಳಿಗ್ಗೆ ಎಂಟಕ್ಕೆ ಸ್ಕೇಲು ತಗೊಂಡು ಬಾ, ಗೇಟಿನ ಹತ್ತಿರ ಸಿಕ್ಕವರನ್ನೆಲ್ಲ ಹಿಡಿಯೋಣ ಎಂದೆ. ಎಂಟೂವರೆಯ ಹೊತ್ತಿಗೆ ಹನ್ನೊಂದು ಜೋಡಿ ಸಿಕ್ಕವು.